ಖಾಲಿ ಕೋಶವೂ ಸೊನ್ನೆಯೂ: ಸ್ಪ್ರೆಡ್‌ಷೀಟ್ ಸೂತ್ರಗಳಲ್ಲಿ ಹೋಲಿಕೆ

ಅಂಕಪಟ್ಟಿ, ವೇತನಪಟ್ಟಿ, ಸಂಘದ ವಂತಿಗೆಯ ಲೆಕ್ಕ ಮೊದಲಾದವುಗಳನ್ನು ಗಣಕಯಂತ್ರದ ಸ್ಪ್ರೆಡ್‌ಷೀಟಿನಲ್ಲಿ ಇಡುವುದು ಇಂದು ಸರ್ವೇಸಾಮಾನ್ಯವಾಗಿದೆ. ಇದರಲ್ಲಿ ಅಡ್ಡಸಾಲು ಮತ್ತು ಕಂಬಸಾಲುಗಳು ಸಂಧಿಸುವ ಪ್ರತಿಯೊಂದು ಮನೆಗೂ ಕೋಶವೆಂದು ಹೆಸರು. ಕೋಶಗಳ ಮೌಲ್ಯಗಳನ್ನು ಹೋಲಿಸಲು ಆರು ಚಿಹ್ನೆಗಳುಂಟು: ಸಮ (=), ಅಸಮ (<>), ಹೆಚ್ಚು (>), ಕಡಿಮೆ (<), ಹೆಚ್ಚು ಅಥವಾ ಸಮ (>=), ಕಡಿಮೆ ಅಥವಾ ಸಮ (<=). ಹೋಲಿಕೆಯ ಉತ್ತರ ‘ಟ್ರೂ’ ಅಥವಾ ‘ಫಾಲ್ಸ್’, ಅಂದರೆ ಸತ್ಯ ಅಥವಾ ಅಸತ್ಯ. ‘ಮಾಹಿತಿ ಬಂದಿಲ್ಲ’ ಎಂಬ ಮೂರನೆಯ ಉತ್ತರವನ್ನು ಈ ಚಿಹ್ನೆಗಳು ಕೊಡಲಾರವು. ತೊಡಕು ಹುಟ್ಟುವುದು ಇಲ್ಲಿಯೇ.

ಒಂದು ತರಗತಿಯ ಅಂಕಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸಲಾಗಿದೆ ಎಂದು ಭಾವಿಸೋಣ. ಉತ್ತೀರ್ಣತೆಗೆ 35 ಅಂಕ ಬೇಕು. ಬಿ2 ಕೋಶದಲ್ಲಿ 62, ಬಿ3ರಲ್ಲಿ 0 ಎಂದಿದೆ. ಬಿ4 ಖಾಲಿಯಾಗಿದೆ, ಆ ವಿದ್ಯಾರ್ಥಿನಿ ಜ್ವರದ ಕಾರಣ ಪರೀಕ್ಷೆಗೆ ಹಾಜರಾಗಿಲ್ಲ, ಆಕೆಗೆ ಮರುಪರೀಕ್ಷೆ ನಡೆಯಬೇಕಾಗಿದೆ. ಫಲಿತಾಂಶಕ್ಕಾಗಿ ಪಕ್ಕದ ಕಂಬಸಾಲಿನಲ್ಲಿ ಈ ಸೂತ್ರವನ್ನು ಬರೆದು ಕೆಳಗಿನವರೆಗೆ ನಕಲು ಮಾಡಲಾಗುತ್ತದೆ:

=ಇಫ್(ಬಿ2<35,"ಅನುತ್ತೀರ್ಣ","ಉತ್ತೀರ್ಣ")

ಪರೀಕ್ಷೆಯನ್ನೇ ಬರೆಯದ ವಿದ್ಯಾರ್ಥಿನಿಯ ಮುಂದೆಯೂ ‘ಅನುತ್ತೀರ್ಣ’ ಎಂದು ಮೂಡುತ್ತದೆ. ಖಾಲಿ ಕೋಶವನ್ನು ಸಂಖ್ಯೆಯೊಡನೆ ಹೋಲಿಸಿದಾಗ ಎಕ್ಸೆಲ್ ಅದನ್ನು ಸೊನ್ನೆಯೆಂದೇ ಎಣಿಸುವುದು ಇದಕ್ಕೆ ಕಾರಣ. ಬಿ4=0 ಎಂದು ಕೇಳಿದರೆ ಸತ್ಯವೆಂಬ ಉತ್ತರ ಬರುತ್ತದೆ; ಬಿ4="" ಎಂದು, ಅಂದರೆ ಅಕ್ಷರವಿಲ್ಲದ ಪಠ್ಯಕ್ಕೆ ಸಮವೇ ಎಂದು ಕೇಳಿದರೂ ಸತ್ಯವೆಂದೇ ಬರುತ್ತದೆ. ಎದುರಿಗೆ ನಿಂತವರಿಗೆ ತಕ್ಕಂತೆ ವೇಷ ಬದಲಿಸುವ ಕೋಶವಿದು.

ಎಲ್ಲ ಸೂತ್ರಗಳೂ ಹೀಗೆ ಎಣಿಸುವುದಿಲ್ಲವೆಂಬುದು ಗೊಂದಲವನ್ನು ಇಮ್ಮಡಿಗೊಳಿಸುತ್ತದೆ. =ಕೌಂಟ್‌ಇಫ್(ಬಿ2:ಬಿ4,"<35") ಎಂಬ ಸೂತ್ರವು ಖಾಲಿ ಕೋಶವನ್ನು ಕೈಬಿಟ್ಟು ಒಬ್ಬರೇ ಅನುತ್ತೀರ್ಣರೆಂದು ಹೇಳುತ್ತದೆ; ಫಲಿತಾಂಶದ ಕಂಬಸಾಲಿನಲ್ಲಿ ಇಬ್ಬರಿರುತ್ತಾರೆ. ಸರಾಸರಿ ತೆಗೆಯುವ ಆವರೇಜ್ ಸೂತ್ರವೂ ಖಾಲಿ ಕೋಶವನ್ನು ಬಿಟ್ಟು 62ನ್ನು ಎರಡರಿಂದ ಭಾಗಿಸಿ 31 ಎನ್ನುತ್ತದೆ. ಬಿ4ರಲ್ಲಿ 0 ಬರೆದರೆ ಸರಾಸರಿ 20.67ಕ್ಕೆ ಇಳಿಯುತ್ತದೆ. ಎರಡು ಕಡೆಯ ಲೆಕ್ಕ ತಾಳೆಯಾಗದಿದ್ದಾಗ ಮೊದಲು ಖಾಲಿ ಕೋಶಗಳನ್ನು ಹುಡುಕುವುದು ಲೇಸು.

ಇದಕ್ಕೆ ತೀರ ವಿರುದ್ಧವಾದ ಪ್ರಮಾದವೂ ಉಂಟು. ಅಂಕವನ್ನು ಅಳಿಸಲೆಂದು ಕೆಲವರು ಡಿಲೀಟ್ ಕೀಲಿಯ ಬದಲು ಸ್ಪೇಸ್ ಕೀಲಿಯನ್ನು ಒತ್ತುತ್ತಾರೆ. ಕಣ್ಣಿಗೆ ಕೋಶ ಬರಿದಾಗಿ ಕಂಡರೂ ಅದರಲ್ಲಿ ಒಂದು ಅಕ್ಷರವಿರುತ್ತದೆ. ಎಕ್ಸೆಲ್‌ನ ಹೋಲಿಕೆಯಲ್ಲಿ ಯಾವುದೇ ಪಠ್ಯವು ಯಾವುದೇ ಸಂಖ್ಯೆಗಿಂತ ದೊಡ್ಡದು. ಹೀಗಾಗಿ ಅದೇ ಗೈರುಹಾಜರಿಯ ವಿದ್ಯಾರ್ಥಿನಿ ಈಗ ‘ಉತ್ತೀರ್ಣ’ಳಾಗಿಬಿಡುತ್ತಾಳೆ! ಕೋಶದಲ್ಲಿ ‘ಗೈರು’ ಎಂದು ಬರೆದರೂ, "" ಎಂಬುದನ್ನು ಉತ್ತರವಾಗಿ ಕೊಡುವ ಸೂತ್ರವಿದ್ದರೂ ಫಲಿತ ಇದೇ.

ಈಸ್‌ಬ್ಲ್ಯಾಂಕ್ ಎಂಬ ಸೂತ್ರವು ನಿಜವಾಗಿ ಖಾಲಿಯಾದ ಕೋಶವನ್ನು ಮಾತ್ರ ಗುರುತಿಸುತ್ತದೆ. ಸ್ಪೇಸ್ ಇರುವ ಕೋಶ ಅದರ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಕೋಶದಲ್ಲಿ ಸಂಖ್ಯೆ ಇದೆಯೇ ಎಂದು ಮೊದಲು ಕೇಳಿ, ಅನಂತರ ಹೋಲಿಸುವುದು ಹೆಚ್ಚು ಸುರಕ್ಷಿತ:

=ಇಫ್(ಈಸ್‌ನಂಬರ್(ಬಿ2),ಇಫ್(ಬಿ2<35,"ಅನುತ್ತೀರ್ಣ","ಉತ್ತೀರ್ಣ"),"ಪರಿಶೀಲಿಸಿ")

ಕೊನೆಯ ಪದ ‘ಗೈರುಹಾಜರಿ’ ಎಂದಿರದೆ ‘ಪರಿಶೀಲಿಸಿ’ ಎಂದಿರುವುದು ಉದ್ದೇಶಪೂರ್ವಕ. ಅಂಕವನ್ನು ನಮೂದಿಸಲು ಮರೆತಿರಬಹುದು, ಅಥವಾ ಅಂಕವು ಪಠ್ಯರೂಪದಲ್ಲಿ ಸೇರಿಕೊಂಡಿರಬಹುದು. ಉತ್ತರಪತ್ರಿಕೆಯನ್ನು ತೆರೆದು ನೋಡದೆ ಅದನ್ನು ನಿರ್ಧರಿಸಲಾಗದು.