ಕರೆಂಟಿನ ಕೆಲಸ, ಸಂಘದ ಸದಸ್ಯತ್ವ: ಲಾಭವೇನು, ಕಷ್ಟವೇನು?

ಪ್ರಶ್ನೆ: ಮಗ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸುತ್ತಿದ್ದಾನೆ. ಬಿಡದಿಯಲ್ಲಿ ಯೂನಿಯನ್ ಇರುವ ಕಂಪನಿಗೇ ಸೇರಲಿ ಎಂದು ಕೆಲವರು, ಯೂನಿಯನ್ ಸಹವಾಸವೇ ಬೇಡ ಎಂದು ಕೆಲವರು ಹೇಳುತ್ತಾರೆ. ಅಮೆರಿಕದಲ್ಲಿ ಯೂನಿಯನ್ನೇ ಕೆಲಸ ಕೊಡಿಸುತ್ತದಂತೆ. ಇಲ್ಲೂ ಹಾಗೆಯೇ?
– ಹೆಸರು ಬೇಡ, ರಾಮನಗರ

ಉತ್ತರ: ಅಮೆರಿಕದ ಮಾತು ನಿಜ. ಅಲ್ಲಿ 1891ರಲ್ಲಿ ಹುಟ್ಟಿದ ಐಬಿಇಡಬ್ಲ್ಯು ಎಂಬ ವಿದ್ಯುತ್ ಕೆಲಸಗಾರರ ಸಂಘ ಗುತ್ತಿಗೆದಾರರ ಜೊತೆ ಸೇರಿ ಹುಡುಗರಿಗೆ ತರಬೇತಿ ಕೊಡುತ್ತದೆ, ತನ್ನ ಕಚೇರಿಯಿಂದಲೇ ಕೆಲಸಕ್ಕೆ ಕಳಿಸುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಕೆಲಸ ಕೊಡುವುದು ಕಂಪನಿ. ಸಂಘ ಬರುವುದು ಆಮೇಲೆ. ಇಲ್ಲಿನ ಸಂಘಗಳು ಕಸುಬಿನ ಲೆಕ್ಕದಲ್ಲಲ್ಲ, ಕಾರ್ಖಾನೆಯ ಲೆಕ್ಕದಲ್ಲಿ ಕಟ್ಟಿದವು. ಅಸೆಂಬ್ಲಿ ಲೈನಿನ ನೂರಾರು ಜನರ ನಡುವೆ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್ನರು ಬೆರಳೆಣಿಕೆಯಷ್ಟೇ ಇರುತ್ತಾರೆ. ಅವರ ಬೇಡಿಕೆ ಪಟ್ಟಿಯ ಕೊನೆಗೆ ಹೋಗುವುದುಂಟು.

ಲಾಭವೂ ಸಣ್ಣದಲ್ಲ. ಸಂಬಳ ಯಾರೋ ಒಬ್ಬರ ಮರ್ಜಿಯಲ್ಲಿರದೆ ಬರಹದ ಒಪ್ಪಂದದಲ್ಲಿರುತ್ತದೆ. ನೋಟಿಸ್ ಬಂದರೆ, ಅಮಾನತಾದರೆ ಪರವಾಗಿ ಮಾತಾಡುವವರು ಇರುತ್ತಾರೆ. ಆದರೆ ಜಗಳ ಬೆಳೆದರೆ ಅದರ ಬೆಲೆಯನ್ನು ಮನೆಯವರೂ ತೆರಬೇಕು. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಸಂಘದ ಪದಾಧಿಕಾರಿಯೊಬ್ಬರ ಅಮಾನತಿನಿಂದ ಶುರುವಾದ ಧರಣಿ ಲಾಕೌಟ್‌ಗೆ ತಿರುಗಿತು. ಮುಷ್ಕರ ಮುಗಿಯುವಷ್ಟರಲ್ಲಿ 2021ರ ಮಾರ್ಚ್ ಬಂದಿತ್ತು. ಅಂಥ ಹೊತ್ತಿನಲ್ಲಿ ಬಾಡಿಗೆ, ಶಾಲೆಯ ಫೀಸು, ಚೀಟಿಯ ಕಂತು ಯಾವುದೂ ಕಾಯುವುದಿಲ್ಲ. ಮಗ ಸಂಘ ಸೇರಲಿ. ಜೊತೆಗೆ ಮೂರು ತಿಂಗಳ ಖರ್ಚಿನಷ್ಟು ಹಣ ಕೂಡಿಡುವ ಅಭ್ಯಾಸವನ್ನೂ ಮೊದಲ ಸಂಬಳದಿಂದಲೇ ಮಾಡಿಕೊಳ್ಳಲಿ.

ಪ್ರಶ್ನೆ: ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಸಂಘ ಅಂದರೆ ಕೆಲಸ ಹೋಗುತ್ತದೆ ಎಂಬ ಭಯ.
– ಓದುಗ, ಕನಕಪುರ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಸಂಘ ಸೇರಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು ಕಾನೂನು ಅನುಚಿತ ಕ್ರಮ ಎನ್ನುತ್ತದೆ. ಆದರೆ ಗುತ್ತಿಗೆದಾರ ಆ ಕಾರಣ ಹೇಳುವುದೇ ಇಲ್ಲ, ‘ಅವಧಿ ಮುಗಿಯಿತು’ ಎಂದುಬಿಡುತ್ತಾನೆ. ಅದನ್ನು ಸುಳ್ಳೆಂದು ಸಾಬೀತು ಮಾಡಲು ವರ್ಷಗಳೇ ಹಿಡಿಯಬಹುದು.

ಹಾಗಾಗಿ ಮೊದಲು ದಾಖಲೆ, ಆಮೇಲೆ ಧ್ವನಿ. ಗುರುತಿನ ಚೀಟಿ, ಸಂಬಳದ ಚೀಟಿ, ಪಿಎಫ್ ಯುಎಎನ್ ಸಂಖ್ಯೆ ಇವುಗಳ ಪ್ರತಿ ಮನೆಯಲ್ಲಿರಲಿ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರಿಗೆ ಇಎಸ್‌ಐ ಅನ್ವಯಿಸುತ್ತದೆ. ನಿಮ್ಮ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ನಿಮ್ಮಿಂದ ಹಿಡಿದ ಹಣ ಕಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ. ಒಬ್ಬರೇ ಮುಂದೆ ನಿಲ್ಲಬೇಡಿ. ಒಂದೇ ಗುತ್ತಿಗೆದಾರರ ಕೈಕೆಳಗಿನವರೆಲ್ಲ ಒಟ್ಟಾಗಿ ಹೋಗಿ. ಕಾರ್ಖಾನೆಯಲ್ಲಿ ಈಗಾಗಲೇ ಸಂಘವಿದ್ದರೆ ಅದರ ಬೈಲಾ ಗುತ್ತಿಗೆಯವರನ್ನು ಸೇರಿಸಿಕೊಳ್ಳುತ್ತದೆಯೇ ಎಂದು ಮೊದಲೇ ಕೇಳಿ. ಕಾಯಂ ನೌಕರರಿಗಷ್ಟೇ ಬಾಗಿಲು ತೆರೆದ ಸಂಘಗಳೂ ಇವೆ.

ಪ್ರಶ್ನೆ: ನಾನು ಮನೆ ವೈರಿಂಗ್ ಮಾಡುವವನು, ಮೇಸ್ತ್ರಿ ಕರೆದಲ್ಲಿಗೆ ಹೋಗುತ್ತೇನೆ. ವಿದ್ಯುತ್ ಗುತ್ತಿಗೆದಾರರ ಸಂಘಕ್ಕೆ ಸೇರಬಹುದೇ?
– ಓದುಗ, ಚನ್ನಪಟ್ಟಣ

ಉತ್ತರ: ಅದು ಲೈಸೆನ್ಸ್ ಪಡೆದ ಗುತ್ತಿಗೆದಾರರ, ಅಂದರೆ ಕೆಲಸ ಕೊಡುವವರ ಸಂಘ. ನಿಮ್ಮ ಜಾಗ ಕಟ್ಟಡ ಕಾರ್ಮಿಕರ ನಡುವೆ. ಕಟ್ಟಡದಲ್ಲಿ ವೈರಿಂಗ್ ಮಾಡುವವರೂ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಪಿಂಚಣಿ, ಅಪಘಾತ ಪರಿಹಾರ, ಮದುವೆಗೆ ನೆರವು ಎಲ್ಲವೂ ಈ ನೋಂದಣಿಯ ಕಾರ್ಡಿನ ಮೇಲೆ ನಿಂತಿವೆ.

ದಿನಕ್ಕೊಂದು ಕಡೆ ದುಡಿಯುವವರಿಗೆ ಆ 90 ದಿನದ ಪ್ರಮಾಣಪತ್ರವೇ ದೊಡ್ಡ ತಲೆನೋವು. ನೋಂದಾಯಿತ ಕಟ್ಟಡ ಕಾರ್ಮಿಕ ಸಂಘದಿಂದಲೂ ಅದನ್ನು ಪಡೆಯಬಹುದು ಎಂಬುದು ನಿಮಗೆ ಆಗುವ ನೇರ ಲಾಭ. ಕಷ್ಟವೆಂದರೆ, ಇಂಥ ಸಂಘ ನಿಮ್ಮ ದಿನಗೂಲಿಯನ್ನು ಹೆಚ್ಚಿಸಲಾರದು. ಪಕ್ಕದ ಬೀದಿಯವನು ನೂರು ರೂಪಾಯಿ ಕಡಿಮೆಗೆ ಒಪ್ಪಿದರೆ ಕೆಲಸ ಅವನದೇ. ಕೂಲಿ ಏರಲು ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳಿ. ಕಾರ್ಡ್ ಮಾಡಿಸಿಕೊಡುತ್ತೇನೆಂದು ಕೈಚಾಚುವ ದಲ್ಲಾಳಿಗೆ ದುಡ್ಡು ಕೊಡಬೇಡಿ; ನೇರ ಕಾರ್ಮಿಕ ಇಲಾಖೆಗೆ ಹೋಗಿ.

ಪ್ರಶ್ನೆ: ನಮ್ಮ ಯಜಮಾನರು ಲೈನ್‌ಮನ್. ಮಳೆಗಾಳಿಯ ರಾತ್ರಿ ಫೋನ್ ಬಂದರೆ ನನಗೆ ಎದೆ ನಡುಗುತ್ತದೆ. ಸಂಘಕ್ಕೆ ಚಂದಾ ಕಟ್ಟುತ್ತಾರೆ. ಸಂಬಳ ಬಿಟ್ಟು ಅದರಿಂದ ಏನು ಉಪಯೋಗ?
– ಹೆಸರು ಬೇಡ, ಮಾಗಡಿ

ಉತ್ತರ: ಸಂಬಳದ ವಿಷಯದಲ್ಲಿ ಸಂಘದ ಬಲ ಕಂಡಿದ್ದೇವೆ ತಾಯಿ. 2023ರ ಮಾರ್ಚ್‌ನಲ್ಲಿ ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರು ಮುಷ್ಕರದ ದಿನ ಗೊತ್ತುಮಾಡಿದ ಮೇಲೆ ಸರ್ಕಾರ ಶೇ 20ರ ವೇತನ ಪರಿಷ್ಕರಣೆಗೆ ಒಪ್ಪಿತು. ಆದರೆ ನೀವು ಕೇಳಿದ್ದು ಅದಕ್ಕಿಂತ ದೊಡ್ಡದು. ನನ್ನ ಮಟ್ಟಿಗೆ, ‘ಲೈನ್ ಕ್ಲಿಯರ್ ಇಲ್ಲದೆ ಕಂಬ ಹತ್ತುವುದಿಲ್ಲ’ ಎಂದು ಹೇಳುವ ಧೈರ್ಯವೇ ಸಂಘ ಕೊಡಬೇಕಾದ ಮೊದಲ ಲಾಭ.

ಊರವರು ಗಲಾಟೆ ಮಾಡುತ್ತಾರೆ, ಮೇಲಿನವರು ಬೇಗ ಮುಗಿಸು ಎನ್ನುತ್ತಾರೆ. ಒಬ್ಬನೇ ಆದವನು ಆ ಒತ್ತಡಕ್ಕೆ ಮಣಿಯುತ್ತಾನೆ. ಫೀಡರ್ ಆಫ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಂಡರೂ ಸಾಲದು. ಯಾವುದೋ ಮನೆಯ ಜನರೇಟರ್ ಅಥವಾ ಇನ್ವರ್ಟರನ್ನು ತಪ್ಪಾಗಿ ಜೋಡಿಸಿದ್ದರೆ ಸತ್ತ ಲೈನಿಗೂ ಕರೆಂಟ್ ವಾಪಸ್ ಹರಿಯುತ್ತದೆ. ಅದಕ್ಕೇ ಟೆಸ್ಟ್ ಮಾಡಿ, ಕೆಲಸದ ಜಾಗದ ಎರಡೂ ಬದಿಗೆ ಅರ್ತಿಂಗ್ ಹಾಕಿ, ಗ್ಲೌಸ್, ಹೆಲ್ಮೆಟ್, ಬೆಲ್ಟ್ ತೊಟ್ಟೇ ಹತ್ತಬೇಕು.

ಸಂಘದ ಮುಂದಿನ ಸಭೆಯಲ್ಲಿ ಎರಡು ಮಾತು ಎತ್ತಲು ಅವರಿಗೆ ಹೇಳಿ. ಪ್ರತಿ ಶಾಖಾ ಕಚೇರಿಯಲ್ಲೂ ಅರ್ತಿಂಗ್ ರಾಡ್ ಮತ್ತು ಗ್ಲೌಸ್ ಸುಸ್ಥಿತಿಯಲ್ಲಿವೆಯೇ ಎಂದು ಸಂಘವೇ ತಪಾಸಣೆ ಮಾಡಲಿ. ಅದೇ ಕಂಬ ಹತ್ತುವ ಗುತ್ತಿಗೆ ಹುಡುಗರ ಪರವಾಗಿಯೂ ಸಂಘ ನಿಲ್ಲಲಿ. ಕಾಯಂ ನೌಕರ ಬೇಡವೆಂದ ಕಂಬಕ್ಕೆ ಗುತ್ತಿಗೆಯವನನ್ನು ಹತ್ತಿಸುವವರೆಗೆ ಯಾವ ಸಂಘವೂ ತನ್ನ ಕೆಲಸ ಮುಗಿಯಿತು ಎನ್ನುವಂತಿಲ್ಲ.