ಗುಹೆಯಲ್ಲಿ ಸಿಕ್ಕಿದ ಹದಿಮೂವರು: ತೊಡಕು ನೀರಿನದೋ, ಉಸಿರಿನದೋ?

ಮಳೆಯ ನೀರಿಗೆ ಕಲ್ಲನ್ನು ಕರಗಿಸುವ ಶಕ್ತಿಯುಂಟೆಂದರೆ ಕೇಳಿದವರು ಒಡನೆಯೇ ಒಪ್ಪಲಾರರು. ಆದರೆ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಈ ಕೆಲಸ ಲಕ್ಷಾಂತರ ವರ್ಷಗಳಿಂದ ನಡೆದುಬಂದಿದೆ. ಆಕಾಶದಿಂದ ಇಳಿಯುವ ನೀರು ಗಾಳಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಕಾಡಿನ ನೆಲದಲ್ಲಿ ಕೊಳೆಯುವ ಎಲೆಗಳಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರ ಸೌಮ್ಯವಾದೊಂದು ಆಮ್ಲವಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ಇಳಿಯುತ್ತ ಅದು ಕಲ್ಲನ್ನು ಕಣಕಣವಾಗಿ ಕರಗಿಸಿ ಒಯ್ಯುತ್ತದೆ. ಕೂದಲೆಳೆಯಷ್ಟಿದ್ದ ಬಿರುಕು ಓಣಿಯಾಗುತ್ತದೆ, ಓಣಿ ಹಜಾರವಾಗುತ್ತದೆ. ಇಂತಹ ಗುಹೆ ಎಂದರೆ ಬೆಟ್ಟದ ಹೊಟ್ಟೆಯಲ್ಲಿರುವ ಹೊಳೆಯ ಪಾತ್ರವೇ ಹೊರತು ಬೇರೆಯಲ್ಲ. ಬೇಸಗೆಯಲ್ಲಿ ಅದು ಬತ್ತಿರುತ್ತದೆ. ಮಳೆ ಬಂದೊಡನೆ ನೀರು ತನ್ನ ದಾರಿಯನ್ನು ಮರಳಿ ಹಿಡಿಯುತ್ತದೆ.

ಥಾಯ್ಲೆಂಡಿನ ಉತ್ತರದ ಅಂಚಿನಲ್ಲಿ, ಚಿಯಾಂಗ್ ರಾಯ್ ಪ್ರಾಂತದಲ್ಲಿ, ಮಲಗಿದ ಹೆಂಗಸಿನಂತೆ ಕಾಣುವ ಒಂದು ಬೆಟ್ಟದ ಸಾಲಿದೆ. ಅದರ ಕೆಳಗಿನ ಥಾಮ್ ಲುವಾಂಗ್ ಗುಹೆ ಸುಮಾರು 10 ಕಿಲೋಮೀಟರು ಉದ್ದದ್ದು. 2018ನೆಯ ಇಸವಿ ಜೂನ್ 23ರಂದು ಕಾಲ್ಚೆಂಡಾಟದ ತಂಡವೊಂದರ 12 ಮಂದಿ ಬಾಲಕರು ತಮ್ಮ ತರುಣ ತರಬೇತುದಾರನೊಡನೆ ಈ ಗುಹೆಯನ್ನು ಹೊಕ್ಕರು. ಬಾಲಕರ ವಯಸ್ಸು 11ರಿಂದ 16. ಅವರು ಒಳಗಿದ್ದಾಗಲೇ ಮಳೆ ಬಿತ್ತು. ಗುಹೆಯ ದಾರಿ ಸಮತಟ್ಟಾದುದಲ್ಲ, ಏರುತ್ತದೆ, ಇಳಿಯುತ್ತದೆ. ತಗ್ಗುಗಳಲ್ಲೆಲ್ಲ ನೀರು ಛಾವಣಿಯವರೆಗೆ ನಿಂತುಬಿಟ್ಟಿತು. ಒಂದು ತಗ್ಗು ತುಂಬಿದರೆ ಸಾಕು, ಅದರಾಚೆಯ ದಾರಿ ಒಣಗಿದ್ದರೂ ಮುಚ್ಚಿದಂತೆಯೇ. ಇಲ್ಲಿ ತುಂಬಿದ ತಗ್ಗುಗಳು ಅನೇಕ. ಹುಡುಗರು ಹಿಂದೆ ಬರಲಾರದೆ ಒಳಒಳಗೆ ಸರಿದು, ಬಾಯಿಂದ ಸುಮಾರು 4 ಕಿಲೋಮೀಟರು ದೂರದ ಒಂದು ದಿಣ್ಣೆಯನ್ನು ಏರಿ ಕುಳಿತರು. ಒಂಬತ್ತು ದಿನಗಳ ತರುವಾಯ, ಜುಲೈ 2ರಂದು, ರಿಚರ್ಡ್ ಸ್ಟಾಂಟನ್ ಮತ್ತು ಜಾನ್ ವೊಲಾಂತೆನ್ ಎಂಬ ಬ್ರಿಟಿಷ್ ಮುಳುಗುಗಾರರು ಅವರನ್ನು ಕಂಡುಹಿಡಿದರು. ಹದಿಮೂರು ಮಂದಿಯೂ ಬದುಕಿದ್ದರು.

ಲೋಕವೆಲ್ಲ ಹಿಗ್ಗಿತು. ಮರುದಿನದಿಂದಲೇ ಚರ್ಚೆ ಮೊದಲಾಯಿತು. ಕಂಡದ್ದಾಯಿತು, ತರುವುದು ಹೇಗೆ? ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಪ್ರತಿಯೊಬ್ಬನೂ ಒಂದೊಂದು ಉಪಾಯವನ್ನು ಮುಂದಿಟ್ಟನು. ಹುಡುಗರಿಗೆ ಈಜು ಕಲಿಸಿರಿ, ಮುಳುಗಲು ಕಲಿಸಿರಿ. ಬೇಡ, ಮಳೆಗಾಲ ಮುಗಿಯುವ ತನಕ ಅಲ್ಲಿಯೇ ಊಟ ಕೊಟ್ಟು ಕಾಯಿರಿ. ಅದೂ ಬೇಡ, ಮೇಲಿನಿಂದ ಬೆಟ್ಟವನ್ನು ಕೊರೆಯಿರಿ. ನೀರನ್ನೆಲ್ಲ ಹೊರಕ್ಕೆ ಎತ್ತಿರಿ. ಇವುಗಳಲ್ಲಿ ಯಾವುದೂ ಮೂರ್ಖತನದ ಮಾತಾಗಿರಲಿಲ್ಲ. ಒಂದೊಂದನ್ನೂ ತೂಗಿನೋಡುವುದು ನಮಗೆ ಪ್ರಯೋಜನಕರ.

ಕೊರೆಯುವ ವಿಚಾರವನ್ನು ಮೊದಲು ನೋಡೋಣ. ಇದಕ್ಕೆ ಹಿಂದಿನ ನಿದರ್ಶನವೂ ಇತ್ತು. 2010ರಲ್ಲಿ ಚಿಲಿ ದೇಶದ ಗಣಿಯೊಂದರಲ್ಲಿ ಸುಮಾರು 700 ಮೀಟರು ಆಳದಲ್ಲಿ ಸಿಕ್ಕಿದ್ದ 33 ಮಂದಿ ಕೆಲಸಗಾರರನ್ನು 69 ದಿನಗಳ ತರುವಾಯ ಕೊರೆದ ರಂಧ್ರದ ಮೂಲಕವೇ ಮೇಲೆತ್ತಿದ್ದರು. ಆದರೆ ಗಣಿ ಮನುಷ್ಯನು ತೋಡಿದ್ದು, ಅದಕ್ಕೆ ನಕ್ಷೆಯುಂಟು. ಅಲ್ಲಿಯೂ ಜನರಿರುವೆಡೆಗೆ ಮೊದಲ ರಂಧ್ರ ತಲುಪಲು 17 ದಿನ ಹಿಡಿಯಿತು. ಥಾಮ್ ಲುವಾಂಗಿನಲ್ಲಿ ಹುಡುಗರು ಕುಳಿತ ತಾಣ ಬೆಟ್ಟದ ಮೈಯಿಂದ ಎಷ್ಟು ಕೆಳಗೆ, ಯಾವ ಬಿಂದುವಿನ ನೇರಕ್ಕೆ ಇದೆಯೆಂಬುದು ನಿಷ್ಕೃಷ್ಟವಾಗಿ ತಿಳಿದಿರಲಿಲ್ಲ. ಕಾಡಿನಲ್ಲಿ ನೂರಕ್ಕೂ ಮಿಕ್ಕಿ ತಾಣಗಳನ್ನು ಕೊರೆದು, ಕೆದಕಿ ನೋಡಿದರು. ಅವುಗಳಲ್ಲಿ ಅತ್ಯಂತ ಆಳವಾದದ್ದು 400 ಮೀಟರು. ಹುಡುಗರ ತಾಣಕ್ಕೆ ಯಾವುದೂ ಮುಟ್ಟಲಿಲ್ಲ.

ನೀರೆತ್ತುವ ಕೆಲಸವಂತೂ ಹಗಲಿರುಳು ನಡೆಯಿತು. ಒಟ್ಟು 100 ಕೋಟಿ ಲೀಟರಿಗೂ ಹೆಚ್ಚು ನೀರನ್ನು ಹೊರಹಾಕಿದರೆಂದು ಲೆಕ್ಕ. ನಮ್ಮ ರೈತರಿಗೆ ಚಿರಪರಿಚಿತವಾದ ಕಿರ್ಲೋಸ್ಕರ್ ಪಂಪಿನ ಸಂಸ್ಥೆಯ ತಜ್ಞರೂ ಭಾರತದಿಂದ ಸಲಹೆಗೆ ಹೋಗಿದ್ದರು. ಹೊರಬಿಟ್ಟ ನೀರು ಸುತ್ತಲಿನ ಭತ್ತದ ಗದ್ದೆಗಳನ್ನು ಮುಳುಗಿಸಿತು. ಪೈರು ಕಳೆದುಕೊಂಡ ಎಷ್ಟೋ ರೈತರು ಪರಿಹಾರವನ್ನೂ ಬೇಡವೆಂದರು. ಇನ್ನು ಕೆಲವರು ಬೆಟ್ಟವನ್ನೇರಿ, ನೀರು ಇಂಗುವ ಕುಳಿಗಳನ್ನು ಮುಚ್ಚಿ, ತೊರೆಗಳನ್ನು ಕೊಳವೆಗಳಲ್ಲಿ ಬೇರೆ ಕಡೆಗೆ ತಿರುಗಿಸಿದರು. ಈ ಶ್ರಮ ವ್ಯರ್ಥವಾಗಲಿಲ್ಲ. ಗುಹೆಯ ಬಾಯಿಂದ ಮೂರನೆಯ ಹಜಾರದವರೆಗಿನ ಬಹುಪಾಲು ದಾರಿಯಲ್ಲಿ ನಡೆಯುವಂತಾಯಿತು. ಆದರೆ ಅಲ್ಲಿಂದಾಚೆಯ ತಗ್ಗುಗಳು ತುಂಬಿಯೇ ಇದ್ದವು.

ಹಾಗಾದರೆ ಕಾಯುವುದೇ ಮೇಲಲ್ಲವೆ? ಬಹು ಮಂದಿಗೆ ಹಾಗೆಯೇ ತೋರಿತು. ಹುಡುಗರು ಒಣನೆಲದಲ್ಲಿದ್ದಾರೆ, ಸಂಗಡ ವೈದ್ಯನೂ ನೌಕಾದಳದವರೂ ಸೇರಿ ನಾಲ್ವರು ಉಳಿದುಕೊಂಡಿದ್ದಾರೆ, ಊಟ ತಲುಪಿಸಿದರೆ ತೀರಿತು, ನಾಲ್ಕು ತಿಂಗಳು ಏನು ಮಹಾ ಎಂದು. ಇಲ್ಲಿಯೇ ಸಾರ್ವಜನಿಕ ಚರ್ಚೆ ದಾರಿ ತಪ್ಪಿದ್ದು. ಎಲ್ಲರ ಕಣ್ಣೂ ನೀರಿನ ಮೇಲಿತ್ತು. ಗಾಳಿಯನ್ನು ಕುರಿತು ಯೋಚಿಸಿದವರು ಕಡಮೆ.

ಒಂದು ಸಣ್ಣ ಲೆಕ್ಕ ಮಾಡೋಣ. ಸುಮ್ಮನೆ ಕುಳಿತ ಮನುಷ್ಯನು ನಿಮಿಷಕ್ಕೆ ಸುಮಾರು ಕಾಲು ಲೀಟರು ಆಮ್ಲಜನಕವನ್ನು ವ್ಯಯಿಸುತ್ತಾನೆ; ದಿನಕ್ಕೆ 360 ಲೀಟರು. ಹದಿಮೂರು ಮಂದಿಗೆ ದಿನಕ್ಕೆ 4,680 ಲೀಟರಾಯಿತು. ಅವರು 20 ಮೀಟರು ಉದ್ದ, 10 ಮೀಟರು ಅಗಲ, 5 ಮೀಟರು ಎತ್ತರದ, ಎಲ್ಲ ಕಡೆಯೂ ಮುಚ್ಚಿದ ಕೋಣೆಯೊಂದರಲ್ಲಿದ್ದಾರೆಂದು ಲೆಕ್ಕಕ್ಕಾಗಿ ಊಹಿಸಿರಿ. ಅದರಲ್ಲಿ 10 ಲಕ್ಷ ಲೀಟರು ಗಾಳಿ. ಆಮ್ಲಜನಕ ನೂರಕ್ಕೆ 21ರಿಂದ 15ಕ್ಕೆ ಇಳಿಯಬೇಕಾದರೆ 60,000 ಲೀಟರು ವ್ಯಯವಾಗಬೇಕು. ಭಾಗಿಸಿದರೆ ಹದಿಮೂರು ದಿನಕ್ಕೆ ಸ್ವಲ್ಪ ಕಡಮೆ. ನಿಜವಾದ ಗುಹೆ ಇಷ್ಟು ಸರಳವಲ್ಲ; ಅಳತೆಯೂ ಬೇರೆ, ಬಿರುಕುಗಳಲ್ಲಿ ಒಂದಿಷ್ಟು ಗಾಳಿಯ ಸಂಚಾರವೂ ಇರಬಹುದು. ಆದರೂ ಜುಲೈ ಮೊದಲ ವಾರದ ಕೊನೆಗೆ ಅಲ್ಲಿ ಅಳೆದಾಗ ಆಮ್ಲಜನಕ ನೂರಕ್ಕೆ 15ಕ್ಕೆ ಇಳಿದಿತ್ತೆಂಬುದು ವಾಸ್ತವ.

ನೂರಕ್ಕೆ 15 ಎಂದರೆ ಮರಣವೆ? ಅಲ್ಲ. ವಾಚಕರಲ್ಲಿ ಯಾರಾದರೂ ಲೇಹ್ ಪಟ್ಟಣಕ್ಕೆ ಹೋಗಿದ್ದರೆ ಅವರು ಇದಕ್ಕಿಂತಲೂ ತೆಳುವಾದ ಗಾಳಿಯನ್ನು ಉಸಿರಾಡಿ ಬಂದಿದ್ದಾರೆ. ಅಲ್ಲಿನ 3,500 ಮೀಟರು ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಆದರೆ ಲೇಹಿನ ಗಾಳಿ ನಾಳೆಯೂ ಹಾಗೆಯೇ ಇರುತ್ತದೆ. ಗುಹೆಯ ಗಾಳಿ ದಿನದಿನಕ್ಕೆ ಕೆಡುತ್ತದೆ. ಮೇಲಾಗಿ, ಬೆಟ್ಟದ ತುದಿಯಲ್ಲಿ ಬಿಟ್ಟ ಉಸಿರು ಹಾರಿಹೋಗುತ್ತದೆ. ಮುಚ್ಚಿದ ಗುಹೆಯಲ್ಲಿ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಅಲ್ಲಿಯೇ ನಿಂತು ಮೊದಲು ಏದುಸಿರನ್ನೂ ತಲೆನೋವನ್ನೂ, ಕಡೆಗೆ ಮಂಪರನ್ನೂ ತರುತ್ತದೆ. ನಮ್ಮ ಊಹೆಯ ಕೋಣೆಯಲ್ಲಿ ಈಗ ಹದಿನೇಳು ಮಂದಿ. ಆಮ್ಲಜನಕ 15ರಿಂದ 10ಕ್ಕೆ, ಎಂದರೆ ಎಚ್ಚರವೇ ತಪ್ಪುವ ಮಟ್ಟಕ್ಕೆ, ಇಳಿಯಲು ಇನ್ನು ಎಂಟು ದಿನ ಸಾಕು. ನಾಲ್ಕು ತಿಂಗಳ ಮಾತೆಲ್ಲಿ!

ಊಟದ ಲೆಕ್ಕವೂ ಸುಲಭದ್ದಲ್ಲ. ಹದಿಮೂರು ಮಂದಿಗೆ ದಿನಕ್ಕೆ ಮೂರು ಹೊತ್ತಿನಂತೆ 120 ದಿನಗಳಿಗೆ 4,680 ಊಟಗಳು. ಅವೆಲ್ಲವೂ ಮುಳುಗುಗಾರರ ಬೆನ್ನಮೇಲೆಯೇ ಹೋಗಬೇಕು. ಅಂತಹ ಒಂದೊಂದು ಪಯಣದ ಬೆಲೆ ಏನೆಂಬುದು ಜುಲೈ 6ರಂದು ತಿಳಿಯಿತು. ದಾರಿಯಲ್ಲಿ ಗಾಳಿಯ ಉರುಳೆಗಳನ್ನಿಟ್ಟು ಮರಳುತ್ತಿದ್ದ ಸಮಾನ್ ಕುನಾನ್ ಎಂಬ ಥಾಯ್ ನೌಕಾದಳದ ನಿವೃತ್ತ ಯೋಧ, ನುರಿತ ಮುಳುಗುಗಾರ, ನೀರಿನಲ್ಲೇ ಪ್ರಾಣ ಬಿಟ್ಟನು. ಹೊರಗೆ ಚರ್ಚೆಯ ಧಾಟಿಯೇ ಬದಲಾಯಿತು. ಪಳಗಿದವನೇ ಸತ್ತ ದಾರಿಯಲ್ಲಿ ಈಜಲೂ ಬಾರದ ಮಕ್ಕಳನ್ನು ತರುವುದೆ, ಎಂದು ಜನ ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರೊಳಗೊಂದು ನಂಬಿಕೆ ಅಡಗಿತ್ತು: ಮಕ್ಕಳು ತಾವೇ ಮುಳುಗಿ ಬರಬೇಕು ಎಂಬುದು. ಬ್ರಿಟಿಷ್ ಮುಳುಗುಗಾರರಿಗೆ ಹಾಗೆ ಆಗದೆಂದು ಮೊದಲೇ ಗೊತ್ತಾಗಿತ್ತು. ಬಾಲಕರು ಸಿಕ್ಕುವ ಕೆಲವು ದಿನಗಳ ಮುಂಚೆ, ಪಂಪಿನ ಕೆಲಸಕ್ಕೆ ಬಂದಿದ್ದ ನಾಲ್ವರು ಕೆಲಸಗಾರರು ಏರಿದ ನೀರಿನಿಂದ ಒಳಗೆ ಸಿಕ್ಕಿಕೊಂಡಿದ್ದರು. ಸ್ಟಾಂಟನ್ನನೂ ವೊಲಾಂತೆನ್ನನೂ ಅವರನ್ನು ಹೊರತಂದರು. ನೀರಿನಡಿಯ ಪಯಣ ಅತ್ಯಲ್ಪ ಕಾಲದ್ದು. ಅಷ್ಟರಲ್ಲೇ ಆ ದೊಡ್ಡವರು ದಿಗಿಲುಬಿದ್ದು ಒದ್ದಾಡಿ, ತರುವವರ ಪ್ರಾಣಕ್ಕೂ ಸಂಚಕಾರ ತಂದರು. ಬಾಲಕರು ಬರಬೇಕಾದದ್ದು ಗಂಟೆಗಟ್ಟಲೆಯ ದಾರಿ. ಕೈಯಿಟ್ಟರೆ ಕೈ ಕಾಣದ ಕೆಸರುನೀರು. ಮೈಯೊಡ್ಡಿ ನುಸುಳಬೇಕಾದ ಸಂದುಗಳು. ಕಲ್ಲು ಕೊಲ್ಲದಿದ್ದರೂ ದಿಗಿಲು ಕೊಲ್ಲುತ್ತದೆ.

ದಿಗಿಲನ್ನು ತಪ್ಪಿಸುವ ಬಗೆ ಒಂದೇ: ಎಚ್ಚರವೇ ಇಲ್ಲದಂತೆ ಮಾಡುವುದು. ಇದಕ್ಕಾಗಿ ಆಸ್ಟ್ರೇಲಿಯದ ರಿಚರ್ಡ್ ಹ್ಯಾರಿಸ್ ಎಂಬವರನ್ನು ಕರೆಸಿದರು. ವೃತ್ತಿಯಿಂದ ಅರಿವಳಿಕೆಯ ವೈದ್ಯ, ಹವ್ಯಾಸದಿಂದ ಗುಹೆಗಳಲ್ಲಿ ಮುಳುಗುವವರು. ಇವೆರಡೂ ಒಬ್ಬನಲ್ಲೇ ಕೂಡಿರುವುದು ಅಪರೂಪ. ಅವರು ಮೊದಲು ಇದು ಆಗದ ಮಾತೆಂದರು. ಕಾರಣ ಸ್ಪಷ್ಟ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎಚ್ಚರ ತಪ್ಪಿದ ರೋಗಿಯ ಉಸಿರನ್ನು ವೈದ್ಯನು ಕ್ಷಣಕ್ಷಣವೂ ಕಾಯುತ್ತಾನೆ. ಇಲ್ಲಿ ರೋಗಿ ನೀರಿನ ಕೆಳಗೆ, ಬೋರಲಾಗಿ, ವೈದ್ಯನಲ್ಲದವನ ಕೈಯಲ್ಲಿ. ಕಡೆಗೆ ಬೇರೆ ದಾರಿ ಕಾಣದೆ ಒಪ್ಪಿದರು. ಮಕ್ಕಳು ಸಾಯುವರೆಂದೇ ತಾವು ಭಾವಿಸಿದ್ದುದಾಗಿ ಮುಂದೆ ಅವರೇ ಹೇಳಿದರು. ಏನಾದರೂ ಅನಾಹುತವಾದರೆ ಮೊಕದ್ದಮೆ ಹೂಡದಂತೆ ಅವರಿಗೂ ಅವರ ಸಂಗಡಿಗ, ಪಶುವೈದ್ಯ ಕ್ರೇಗ್ ಚಾಲೆನ್ನರಿಗೂ ಥಾಯ್ ಸರಕಾರ ರಕ್ಷಣೆ ಕೊಟ್ಟಿತು.

ಆರಿಸಿದ ಮುಖ್ಯ ಔಷಧ ಕೆಟಮೀನ್. ಎಚ್ಚರವನ್ನು ಕಳೆದರೂ ಅದು ಇತರ ಅರಿವಳಿಕೆಗಳಷ್ಟು ಉಸಿರಾಟವನ್ನು ತಗ್ಗಿಸುವುದಿಲ್ಲ. ಸ್ನಾಯುವಿಗೆ ಚುಚ್ಚಿದರೂ ಸಾಕು, ರಕ್ತನಾಳವನ್ನು ಹುಡುಕಬೇಕಾಗಿಲ್ಲ. ಆದರೆ ಬಾಯಲ್ಲಿ ಜೊಲ್ಲು ಹೆಚ್ಚುತ್ತದೆ. ಮುಖವಾಡದೊಳಗೆ ಅಷ್ಟೇ ಸಾಕು ಉಸಿರುಕಟ್ಟಲು. ಅದನ್ನು ತಡೆಯಲು ಅಟ್ರೊಪೀನ್. ಇವೆರಡಕ್ಕೂ ಮೊದಲು ಮನಸ್ಸು ಶಾಂತವಾಗಲೆಂದು ಒಂದು ಮಾತ್ರೆ. ಕೆಟಮೀನಿನ ಪ್ರಭಾವ ದಾರಿಯ ನಡುವೆಯೇ ಇಳಿಯುವುದರಿಂದ, ಮತ್ತೆ ಚುಚ್ಚುವುದನ್ನು ಹ್ಯಾರಿಸರು ಮುಳುಗುಗಾರರಿಗೆ ಕಲಿಸಿದರು. ಮುಖವನ್ನೆಲ್ಲ ಮುಚ್ಚುವ ಮುಖವಾಡದೊಳಗೆ ಹೊರಗಿನ ನೀರಿಗಿಂತ ತುಸು ಹೆಚ್ಚಿನ ಒತ್ತಡವಿದ್ದಿತು. ಅಂಚು ಸ್ವಲ್ಪ ಸಡಿಲಿದರೂ ಗಾಳಿ ಹೊರಹೋಗಬೇಕು, ನೀರು ಒಳಬರಬಾರದು. ದಾರಿಯಲ್ಲಿ ಎಚ್ಚರವಾಗಿ ಮುಖವಾಡವನ್ನು ಕಿತ್ತುಕೊಳ್ಳದಿರಲೆಂದು ಮಕ್ಕಳ ಕೈಗಳನ್ನು ಹಿಂದಕ್ಕೆ ಕಟ್ಟಿದರು. ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಆ ಕಟ್ಟೇ ಅವರ ಪ್ರಾಣದ ಕಟ್ಟು.

ಇಷ್ಟರಲ್ಲಿ ಅಮೆರಿಕದ ರಾಕೆಟ್ ಉದ್ಯಮಿ ಇಲಾನ್ ಮಸ್ಕರು ಲೋಹದ ಪುಟ್ಟ ಜಲಾಂತರ್ಗಾಮಿಯೊಂದನ್ನು ಮಾಡಿಸಿ ಗುಹೆಯ ತನಕ ತಂದರು. ಕಾರ್ಯಾಚರಣೆಯ ಮುಖ್ಯಸ್ಥ ನರೊಂಗ್ಸಾಕ್ ಅವರು ಅದು ಈ ಕೆಲಸಕ್ಕೆ ಹೊಂದದೆಂದರು. ಬಗ್ಗದ ಕೊಳವೆ ತಿರುವುಮುರುವಿನ ಸಂದುಗಳಲ್ಲಿ ತೂರುವುದು ಕಷ್ಟ. ಎಚ್ಚರವಿಲ್ಲದ ಮಗುವಿನ ಮೈಯಾದರೋ ಸಂದಿಗೆ ತಕ್ಕಂತೆ ಬಾಗುತ್ತದೆ. ಈ ಯಂತ್ರದ ಸುದ್ದಿ ಪತ್ರಿಕೆಗಳಲ್ಲಿ ಪಡೆದ ಜಾಗದಲ್ಲಿ ಹತ್ತರಲ್ಲೊಂದನ್ನು ಗಾಳಿಯ ಲೆಕ್ಕ ಪಡೆದಿದ್ದರೆ ಜನರಿಗೆ ಹೆಚ್ಚು ತಿಳಿಯುತ್ತಿತ್ತು.

ಜುಲೈ 8ರಂದು ನಾಲ್ವರು, 9ರಂದು ನಾಲ್ವರು, 10ರಂದು ಉಳಿದ ಐವರು ಹೊರಬಂದರು. ಒಬ್ಬೊಬ್ಬ ಮುಳುಗುಗಾರನಿಗೆ ಒಬ್ಬೊಬ್ಬ ಬಾಲಕ. ಕಡೆಯ ದಿನ ಒಬ್ಬನ ಕೈಯಿಂದ ದಾರಿ ತೋರುವ ಹಗ್ಗ ತಪ್ಪಿಹೋಯಿತು. ಅವನು ಕೆಸರುಗತ್ತಲೆಯಲ್ಲಿ ಬಾಲಕನನ್ನು ಹಿಡಿದುಕೊಂಡೇ ತಡಕಾಡಿ, ಒಂದು ವಿದ್ಯುತ್ತಂತಿಯ ಜಾಡನ್ನು ಹಿಡಿದು ದಡ ಸೇರಿದನು. ಹೊರಗಿದ್ದ ಜನಕ್ಕೆ ಆ ದಿನಗಳಲ್ಲಿ ಮಾತ್ರೆಯ ಮಾತನ್ನಷ್ಟೇ ತಿಳಿಸಿದ್ದರು. ಅರಿವಳಿಕೆಯ ಪೂರ್ಣ ವಿವರವನ್ನು 2019ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತು.

ಎಲ್ಲರೂ ಬದುಕಿದರಲ್ಲ, ಆದ್ದರಿಂದ ನಿರ್ಧಾರ ಸರಿ ಎಂದು ಕೆಲವರು ಹೇಳುವುದುಂಟು. ಈ ತರ್ಕ ನನಗೆ ಒಪ್ಪಿಗೆಯಿಲ್ಲ. ಮುಖವಾಡವೊಂದು ಸರಿದು ಇಬ್ಬರು ಮಕ್ಕಳು ತೀರಿಕೊಂಡಿದ್ದರೂ ನಿರ್ಧಾರ ಅಷ್ಟೇ ಸರಿಯಾಗಿರುತ್ತಿತ್ತು. ಏಕೆಂದರೆ ಅದನ್ನು ತೂಗಬೇಕಾದದ್ದು ಜುಲೈ 7ರ ರಾತ್ರಿ ಕೈಯಲ್ಲಿದ್ದ ಅಂಕಿಗಳಿಂದ: ನೂರಕ್ಕೆ 15ಕ್ಕೆ ಇಳಿದ ಆಮ್ಲಜನಕ, ಕೆಲವೇ ದಿನಗಳಲ್ಲಿ ಬರಲಿದ್ದ ದೊಡ್ಡ ಮಳೆ, ಕೊರೆದೂ ಸಿಗದ ಗುಹೆ. ವೆಚ್ಚವೂ ಸಮಾನ್ ಕುನಾನನ ಒಂದು ಪ್ರಾಣಕ್ಕೇ ನಿಲ್ಲಲಿಲ್ಲ. ಈ ಕೆಲಸದಲ್ಲಿ ರಕ್ತಕ್ಕೆ ಸೋಂಕು ತಗುಲಿದ ನೌಕಾದಳದ ಇನ್ನೊಬ್ಬ ಯೋಧ ಬೇರುತ್ ಪಾಕ್ಬಾರಾ 2019ರ ಡಿಸೆಂಬರಿನಲ್ಲಿ ಮೃತನಾದನು.

ಜುಲೈ 10ರ ರಾತ್ರಿ, ಬಾಲಕರೊಡನೆ ಉಳಿದಿದ್ದ ನಾಲ್ವರೂ ಹೊರಬರುವ ಹೊತ್ತಿಗೆ ಮುಖ್ಯ ಪಂಪು ಕೆಟ್ಟು ನೀರು ಸರಸರನೆ ಏರತೊಡಗಿತು. ಒಳಗಿದ್ದ ಕೆಲಸಗಾರರು ಗಾಳಿಯ ಉರುಳೆಗಳನ್ನೂ ಕೊಳವೆಗಳನ್ನೂ ಇದ್ದಲ್ಲಿಯೇ ಬಿಟ್ಟು ಬಾಯಿಯ ಕಡೆಗೆ ಓಡಿದರು.