ಹೇಡ್ರಿಯನ್ ಗೋಡೆಯ ಪಕ್ಕ ಗೈಡ್ ಜತೆ ಒಂದು ದಿನ: ಮಾಡಬೇಕಾದ್ದು, ಮಾಡಬಾರದ್ದು

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ, ಅಲ್ಲಿ ಓದುತ್ತಿರುವ ಹುಡುಗ ಹುಡುಗಿಯರಿಗೆ, ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಊರಿನಿಂದ ಹೋಗುವ ತಂದೆ ತಾಯಿಯರಿಗೆ ಈ ಸೂಚನೆ. ಖಾಸಗಿ ಗೈಡ್ ಗೊತ್ತುಮಾಡಿಕೊಂಡು ಹೇಡ್ರಿಯನ್ ಗೋಡೆಯ ಪಕ್ಕ ಒಂದು ದಿನ ನಡೆಯುವವರು ಹೊರಡುವ ಮೊದಲು ಇದನ್ನು ಪೂರ್ತಿ ಓದಬೇಕು. ಜತೆಗೆ ಬರುವವರಿಗೂ ಓದಿ ಹೇಳಬೇಕು.

ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಬ್ರಿಟನ್ನಿಗೆ ಬಂದ. ಗೋಡೆಯ ಕೆಲಸ ಶುರುವಾದದ್ದು ಆಗಲೇ. ಪೂರ್ವದ ಟೈನ್ ನದಿಯಿಂದ ಪಶ್ಚಿಮದ ಸಾಲ್ವೇ ಕೊಲ್ಲಿಯವರೆಗೆ ಸುಮಾರು 117 ಕಿಲೋಮೀಟರ್ ಉದ್ದಕ್ಕೆ ರೋಮನ್ ಸೇನೆಯ ಮೂರು ಲೀಜನ್‌ಗಳ, ಅಂದರೆ ದೊಡ್ಡ ಪಡೆಗಳ, ಸೈನಿಕರು ಇದನ್ನು ಕಟ್ಟಿದರು. ಒಂದೊಂದು ರೋಮನ್ ಮೈಲಿಗೆ ಒಂದು ಕಿರುಕೋಟೆ, ಎರಡು ಕಿರುಕೋಟೆಗಳ ನಡುವೆ ಎರಡು ಕಾವಲು ಗೋಪುರ. 1987ರಿಂದ ಇದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಒಂದು ದಿನದ ಚಾರಣಕ್ಕೆ ಹೆಚ್ಚಿನವರು ಆರಿಸಿಕೊಳ್ಳುವುದು ನಾರ್ತಂಬರ್‌ಲ್ಯಾಂಡಿನ ನಡುಭಾಗವನ್ನು: ಸ್ಟೀಲ್ ರಿಗ್‌ನಿಂದ ಹೌಸ್‌ಸ್ಟೆಡ್ಸ್ ಕೋಟೆಯವರೆಗೆ, ಒಂದು ಕಡೆಗೆ ಸುಮಾರು 5 ಕಿಲೋಮೀಟರ್. ಕೇಳಲು ಕಡಿಮೆ ದೂರ. ಆದರೆ ದಾರಿ ವಿನ್ ಸಿಲ್ ಎಂಬ ಬಂಡೆಸಾಲಿನ ಅಂಚಿನಲ್ಲಿ ಮತ್ತೆ ಮತ್ತೆ ಇಳಿದು ಹತ್ತುತ್ತದೆ. ಉತ್ತರಕ್ಕೆ ನೇರ ಪ್ರಪಾತ.

ಮೊದಲು ಒಂದು ಮಾತು ಖಚಿತವಾಗಿರಲಿ. ಗೈಡ್‌ಗೆ ಕೊಡುವ ಹಣ ಅವರ ಒಂದು ದಿನಕ್ಕೆ, ಅವರ ತಿಳಿವಳಿಕೆಗೆ. ಗೋಡೆಯ ಮೇಲೆ ಅದರಿಂದ ನಮಗೆ ಯಾವ ಹಕ್ಕೂ ಬರುವುದಿಲ್ಲ. ದೊಡ್ಡ ಗುಂಪಿನಲ್ಲಿ ಹೋದಾಗ ನಾಲ್ಕು ಜನರ ಕಣ್ಣು ನಮ್ಮ ಮೇಲಿರುತ್ತದೆ. ಖಾಸಗಿಯಾಗಿ ಹೋದಾಗ ತಡೆಯುವವರು ಒಬ್ಬರೇ, ಅವರಿಗೆ ಹಣ ಕೊಡುವವರೂ ನಾವೇ. ಹಾಗಾಗಿ ‘ಬೇಡ’ ಅನ್ನುವ ಹೊಣೆಯನ್ನು ಗೈಡ್ ಒಬ್ಬರ ತಲೆಗೆ ಕಟ್ಟಬಾರದು. ನಿಯಮ ನಮಗೇ ಗೊತ್ತಿರಬೇಕು, ನಾವೇ ಪಾಲಿಸಬೇಕು.

ಗೈಡ್ ಗೊತ್ತುಮಾಡುವಾಗ

ಮಾಡಬೇಕಾದ್ದು

1. ಅರ್ಹತೆ ಏನೆಂದು ಕೇಳಿ. ಬ್ಲೂ ಬ್ಯಾಡ್ಜ್ ಇರುವವರು ಇತಿಹಾಸ ಬಲ್ಲವರು. ಹಿಲ್ ಅಂಡ್ ಮೂರ್‌ಲ್ಯಾಂಡ್ ಲೀಡರ್ ಅರ್ಹತೆ ಇರುವವರು ಗುಡ್ಡದಲ್ಲಿ ಜನರನ್ನು ಸುರಕ್ಷಿತವಾಗಿ ನಡೆಸಲು ತರಬೇತಾದವರು. ಎರಡೂ ಬೇರೆ ಬೇರೆ. ಪ್ರಥಮ ಚಿಕಿತ್ಸೆ ಗೊತ್ತೇ, ವಿಮೆ ಇದೆಯೇ ಎಂದೂ ಕೇಳಿ. ಒಳ್ಳೆಯ ಗೈಡ್ ಇದಕ್ಕೆ ಬೇಸರಪಡುವುದಿಲ್ಲ.

2. ಮೇ ತಿಂಗಳಿಂದ ಅಕ್ಟೋಬರ್ ಒಳಗೆ ದಿನ ಗೊತ್ತುಮಾಡಿ. ಚಳಿಗಾಲದಲ್ಲಿ ನೆಲ ನೆನೆದಿರುತ್ತದೆ, ಕಾಲಿಟ್ಟಲ್ಲಿ ಹುಲ್ಲು ಕಿತ್ತು ಬರುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗಿರುತ್ತಾನೆ.

3. ಮಂಡಿನೋವು, ಬಿ.ಪಿ., ಸಕ್ಕರೆ ಕಾಯಿಲೆ, ಉಬ್ಬಸ, ಎತ್ತರದ ಭಯ ಏನಿದ್ದರೂ ಮುಚ್ಚಿಡದೆ ಹೇಳಿ. ಸ್ಟೀಲ್ ರಿಗ್‌ನಿಂದ ಹೊರಟ ಸ್ವಲ್ಪ ಹೊತ್ತಿಗೇ ಪೀಲ್ ಕ್ರ್ಯಾಗ್‌ನ ಕಡಿದಾದ ಕಲ್ಲುಮೆಟ್ಟಿಲು ಎದುರಾಗುತ್ತದೆ. ಅಲ್ಲಿ ನಿಂತು ‘ಅಮ್ಮನಿಗೆ ಆಗುವುದಿಲ್ಲ’ ಎಂದರೆ ಎಲ್ಲರ ದಿನವೂ ಕೆಡುತ್ತದೆ.

4. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಅವರನ್ನು ಕಾರಿನಲ್ಲಿ ನೇರವಾಗಿ ಹೌಸ್‌ಸ್ಟೆಡ್ಸ್‌ಗೆ ಕರೆದೊಯ್ಯಿ. ಅಲ್ಲೂ ಕೋಟೆಗೆ ಸ್ವಲ್ಪ ಏರುದಾರಿ ಇದೆ, ನಿಧಾನವಾಗಿ ಹತ್ತಬಹುದು. ರೋಮನ್ ಸೈನಿಕರ ಉಗ್ರಾಣ, ಸಾಲು ಶೌಚಾಲಯದ ಕಲ್ಲುಕಾಲುವೆ ಎಲ್ಲ ಅಲ್ಲೇ ಇವೆ.

5. ಊರಿನಿಂದ ಬಂದವರಿಗೆ ಪ್ರಯಾಣ ವಿಮೆ ಇರಲೇಬೇಕು. ಬ್ರಿಟನ್ನಿನ ಆಸ್ಪತ್ರೆಯಲ್ಲಿ ದಾಖಲಾದರೆ ಪ್ರವಾಸಿಗರು ದುಡ್ಡು ಕಟ್ಟಬೇಕಾಗುತ್ತದೆ.

ಮಾಡಬಾರದ್ದು

1. ನಾಲ್ವರೆಂದು ಹೇಳಿ ಬೆಳಿಗ್ಗೆ ಏಳು ಜನ ಹೋಗಬೇಡಿ. ಬಂಡೆಯ ಅಂಚಿನಲ್ಲಿ ಎಷ್ಟು ಜನರನ್ನು ನೋಡಿಕೊಳ್ಳಬಹುದು ಎಂಬ ಲೆಕ್ಕ ಗೈಡ್‌ನದು.

2. ಒಂದೇ ದಿನದಲ್ಲಿ ಹೌಸ್‌ಸ್ಟೆಡ್ಸ್, ವಿಂಡೋಲಾಂಡ ಎಂಬ ಇನ್ನೊಂದು ರೋಮನ್ ಕೋಟೆ, ಸಂಜೆಗೆ ಲೇಕ್ ಡಿಸ್ಟ್ರಿಕ್ಟ್ ಎಂದು ತುರುಕಬೇಡಿ. ವಿಂಡೋಲಾಂಡದಲ್ಲಿ ಸಿಕ್ಕ ಮರದ ಹಲಗೆಗಳಲ್ಲಿ ಒಂದು, ಸುಮಾರು ಕ್ರಿ.ಶ. 100ರಲ್ಲಿ ಕ್ಲಾಡಿಯಾ ಸೆವೆರಾ ಎಂಬಾಕೆ ತನ್ನ ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದ ಪತ್ರ. ಅಂಥ ಜಾಗಕ್ಕೆ ಬೇರೆಯೇ ಒಂದು ದಿನ ಇಡಿ.

3. ಒಪ್ಪಿದ ಹಣದ ಬಗ್ಗೆ ದಾರಿಯಲ್ಲಿ ಚೌಕಾಸಿ ಮಾಡಬೇಡಿ. ಟಿಪ್ಸ್ ಕಡ್ಡಾಯವಲ್ಲ, ಒಪ್ಪಿದ ಹಣ ಕಡ್ಡಾಯ.

ಉಡುಪು, ಬುತ್ತಿ

ಮಾಡಬೇಕಾದ್ದು

1. ಹಿಡಿತವಿರುವ ಶೂ, ನೀರು ಒಳಗಿಳಿಯದ ಜಾಕೆಟ್, ಬೆಚ್ಚಗಿನ ಇನ್ನೊಂದು ಪದರ ಜೂನ್‌ನಲ್ಲೂ ಇರಲಿ. ಬಂಡೆಯ ನೆತ್ತಿಯಲ್ಲಿ ಗಾಳಿಗೆ ಅಡ್ಡವಿಲ್ಲ.

2. ಕುಡಿಯುವ ನೀರು ಹೊತ್ತೊಯ್ಯಿ. ಶೌಚಾಲಯ ಇರುವುದು ಸ್ಟೀಲ್ ರಿಗ್ ಹತ್ತಿರದ ದಿ ಸಿಲ್ ಎಂಬ ಪ್ರವಾಸಿ ಕೇಂದ್ರದಲ್ಲಿ, ಆಮೇಲೆ ಹೌಸ್‌ಸ್ಟೆಡ್ಸ್‌ನಲ್ಲಿ. ನಡುವೆ ಇಲ್ಲ.

3. ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಏನೇ ಕಟ್ಟಿಕೊಂಡರೂ ಎಂಜಲು, ಸಿಪ್ಪೆ, ಟಿಶ್ಯೂ ಎಲ್ಲವನ್ನೂ ಚೀಲದಲ್ಲೇ ವಾಪಸು ತನ್ನಿ. ಬಾಳೆಹಣ್ಣಿನ ಸಿಪ್ಪೆ ಆ ಚಳಿಯಲ್ಲಿ ಬೇಗ ಕೊಳೆಯುವುದಿಲ್ಲ.

4. ಪೂರ್ತಿ ಪ್ಯಾಂಟ್ ಹಾಕಿ. ಮಲೆನಾಡಿನವರಿಗೆ ಉಣುಗು ಗೊತ್ತು. ಇಲ್ಲಿನ ಹುಲ್ಲಿನಲ್ಲೂ ಅದಿದೆ, ಲೈಮ್ ಕಾಯಿಲೆ ಹರಡುತ್ತದೆ. ರಾತ್ರಿ ಮೈಯೆಲ್ಲ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆದು ತೆಗೆಯಿರಿ. ಆಮೇಲೆ ಕೆಂಪು ದದ್ದು ಹರಡಿದರೆ ವೈದ್ಯರಿಗೆ ತೋರಿಸಿ.

ಮಾಡಬಾರದ್ದು

1. ಚಪ್ಪಲಿ, ಹಿಮ್ಮಡಿ ಎತ್ತರದ ಪಾದರಕ್ಷೆ, ಕಾಲಿಗೆ ತೊಡರುವ ಸೀರೆ ಬೇಡ.

2. ಕೊಡೆಯನ್ನು ನೆಚ್ಚಬೇಡಿ. ಗಾಳಿಗೆ ಮಗುಚುತ್ತದೆ, ಅಂಚಿನಲ್ಲಿ ಹಿಡಿದವರನ್ನೂ ಎಳೆಯುತ್ತದೆ.

3. ಒಲೆ, ಬಾರ್ಬೆಕ್ಯೂ, ಯಾವ ಬಗೆಯ ಬೆಂಕಿಯೂ ಬೇಡ.

ಗೋಡೆಯ ಹತ್ತಿರ

ಮಾಡಬೇಕಾದ್ದು

1. ಗೋಡೆಯ ಕಟ್ಟಡವನ್ನು ಹತ್ತಿರದಿಂದ ನೋಡಿ. ಎರಡೂ ಹೊರಮುಖಕ್ಕೆ ಚೌಕವಾಗಿ ಒಡೆದ ಸೈಜುಗಲ್ಲು, ಒಳಗೆ ಕಲ್ಲುಚೂರು, ಮಣ್ಣು, ಗಾರೆ. ಒಬ್ಬ ಆಳು ಎತ್ತಿ ಕೂರಿಸುವಷ್ಟೇ ಗಾತ್ರದ ಕಲ್ಲುಗಳು. ಮೇಲೆ ಬೂದು, ಹಳದಿ ಕಲ್ಲುಹೂವು ಹಬ್ಬಿದೆ. ಬಂಡೆಸಾಲಿನ ಮೇಲಿನ ಬಹಳಷ್ಟು ಭಾಗವನ್ನು 19ನೇ ಶತಮಾನದಲ್ಲಿ ಜಾನ್ ಕ್ಲೇಟನ್ ಎಂಬವರು ಜಮೀನು ಕೊಂಡು ಉಳಿಸಿದರು. ಬಿದ್ದ ಕಲ್ಲುಗಳನ್ನು ಗಾರೆಯಿಲ್ಲದೆ ಮತ್ತೆ ಜೋಡಿಸಿ, ನೆತ್ತಿಗೆ ಹುಲ್ಲು ಹೊದಿಸಿದರು. ಇದು ತಿಳಿದರೆ ಮುಂದಿನ ನಿಯಮಗಳೆಲ್ಲ ತಾವಾಗಿ ತಿಳಿಯುತ್ತವೆ.

2. ಹುಲ್ಲಿನ ಹಾದಿ ಅಗಲವಾಗಿರುವಲ್ಲಿ ಅಕ್ಕಪಕ್ಕ ನಡೆಯಿರಿ. ಒಬ್ಬರ ಹಿಂದೊಬ್ಬರು ಒಂದೇ ಗೆರೆಯಲ್ಲಿ ನಡೆದರೆ ಹುಲ್ಲು ಸವೆದು ಕೊರಕಲಾಗುತ್ತದೆ, ಮಳೆನೀರು ಅದರಲ್ಲಿ ಹರಿಯುತ್ತದೆ. ಆ ಹುಲ್ಲಿನ ಅಡಿಯಲ್ಲೇ ರೋಮನ್ ಕಾಲದ ಅಡಿಪಾಯವಿದೆ. ಕಲ್ಲು ಹಾಸಿದ ಕಡೆ ಮಾತ್ರ ಕಲ್ಲಿನ ಮೇಲೇ ನಡೆಯಿರಿ.

3. ಮಕ್ಕಳಿಗೆ ಬೆಳಿಗ್ಗೆಯೇ ಹೇಳಿ ಒಪ್ಪಿಸಿ: ಗೋಡೆ ಏರುವಂತಿಲ್ಲ, ಅಂಚಿಗೆ ಓಡುವಂತಿಲ್ಲ. ಕ್ರ್ಯಾಗ್ ಲಾಫ್ ಕೆರೆಯ ಮೇಲಿನ ಹೈಶೀಲ್ಡ್ ಬಂಡೆಗಳ ಬಳಿ ಅವರ ಕೈ ಹಿಡಿದುಕೊಳ್ಳಿ. ಅಲ್ಲಿ ತಡೆಬೇಲಿ ಇಲ್ಲ.

ಮಾಡಬಾರದ್ದು

1. ಗೋಡೆಯ ಮೇಲೆ ಹತ್ತಬೇಡಿ, ನಡೆಯಬೇಡಿ, ಕೂರಬೇಡಿ. ಒಂದು ಹೆಜ್ಜೆಗೆ ನೆತ್ತಿಯ ಹುಲ್ಲು ಸರಿಯುತ್ತದೆ, ಸಂದಿಯಲ್ಲಿ ನೀರು ಇಳಿಯುತ್ತದೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗುತ್ತದೆ. ಆಗ ಹೊರಮುಖದ ಕಲ್ಲು ಸಡಿಲವಾದ ಹಲ್ಲಿನಂತೆ ಅಲುಗಾಡತೊಡಗುತ್ತದೆ. ಒಂದು ಬಿದ್ದರೆ ಪಕ್ಕದ್ದೂ ಬೀಳುತ್ತದೆ. ಹೌಸ್‌ಸ್ಟೆಡ್ಸ್‌ನ ಪಶ್ಚಿಮಕ್ಕೆ ಮರಗಳ ನಡುವೆ ಒಂದು ಚಿಕ್ಕ ತುಂಡಿನ ಮೇಲೆ ಮಾತ್ರ ನಡೆಯಲು ಬಿಡುತ್ತಾರೆ. ಅದನ್ನು ತೋರಿಸಿ ಬೇರೆ ಕಡೆ ಹತ್ತುವಂತಿಲ್ಲ.

2. ಕಲ್ಲು ತೆಗೆದುಕೊಳ್ಳಬೇಡಿ, ಬಿದ್ದ ಚೂರನ್ನೂ ಮುಟ್ಟಬೇಡಿ. ‘ಒಂದು ಕಲ್ಲಿನಿಂದ ಏನಾಗುತ್ತದೆ’ ಎನ್ನುವವರು ನೆನಪಿಡಬೇಕು: ಈ ಗೋಡೆ ಕರಗಿದ್ದೇ ಹಾಗೆ. ಶತಮಾನಗಳ ಕಾಲ ಇದರ ಕಲ್ಲು ಚರ್ಚುಗಳಿಗೆ, ಮನೆಗಳಿಗೆ, ಹೊಲದ ಗೋಡೆಗಳಿಗೆ ಹೋಯಿತು. ಬ್ರಿಟಿಷ್ ದೊರೆಯ ವಿರುದ್ಧದ 1745ರ ಜಾಕೊಬೈಟ್ ದಂಗೆಯ ನಂತರ ಸೇನೆಗೆಂದು ಹಾಕಿದ ರಸ್ತೆ ಪೂರ್ವಭಾಗದಲ್ಲಿ ಮೈಲಿಗಟ್ಟಲೆ ಗೋಡೆಯನ್ನೇ ನುಂಗಿತು.

3. ಹೆಸರು ಕೆತ್ತಬೇಡಿ, ಬಣ್ಣ ಬಳಿಯಬೇಡಿ, ಸಂದಿಯಲ್ಲಿ ನಾಣ್ಯ ಸಿಕ್ಕಿಸಬೇಡಿ, ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಕಟ್ಟಬೇಡಿ. 1979ರ ಪುರಾತನ ಸ್ಮಾರಕ ಕಾಯ್ದೆಯಡಿ ಸ್ಮಾರಕಕ್ಕೆ ಹಾನಿ ಮಾಡುವುದು ಅಪರಾಧ. ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದೂ ಅಪರಾಧ.

4. ಡ್ರೋನ್ ಹಾರಿಸಬೇಡಿ. ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಸಂಸ್ಥೆಯ ಜಾಗದಲ್ಲಿ ಅನುಮತಿಯಿಲ್ಲದೆ ಅದಕ್ಕೆ ಅವಕಾಶವಿಲ್ಲ.

5. ಫೋಟೊಗಾಗಿ ಅಂಚಿನ ಕಡೆ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ತೆಗೆಯುವವರೂ ನಿಲ್ಲುವವರೂ ಮೊದಲು ನಿಂತು, ಕಾಲಡಿ ನೋಡಿ, ಆಮೇಲೆ ಫೋನ್ ಎತ್ತಿ.

ಸಿಕಮೋರ್ ಗ್ಯಾಪ್‌ನಲ್ಲಿ

ಇದೇ ದಾರಿಯಲ್ಲಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಒಂಟಿಯಾಗಿ ನಿಂತಿದ್ದ ಸಿಕಮೋರ್ ಮರವನ್ನು 2023ರ ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಗರಗಸದಿಂದ ಕೊಯ್ದು ಉರುಳಿಸಿದರು. ಅದು ಬಿದ್ದದ್ದು ಗೋಡೆಯ ಮೇಲೆ, ಗೋಡೆಗೂ ಏಟಾಯಿತು. ತಪ್ಪಿತಸ್ಥರಿಬ್ಬರಿಗೆ 2025ರ ಜುಲೈಯಲ್ಲಿ 4 ವರ್ಷ 3 ತಿಂಗಳ ಸೆರೆವಾಸವಾಯಿತು. ಬುಡ ಸತ್ತಿಲ್ಲ, 2024ರಲ್ಲಿ ಹೊಸ ಚಿಗುರು ಒಡೆಯಿತು.

ಮಾಡಬೇಕಾದ್ದು: ಬುಡದ ಸುತ್ತಲಿನ ಬೇಲಿಯ ಹೊರಗೆ ನಿಂತು ನೋಡಿ. ಮಕ್ಕಳಿಗೆ ಚಿಗುರು ತೋರಿಸಿ, ಇಲ್ಲಿ ಏನಾಯಿತೆಂದು ಹೇಳಿ.

ಮಾಡಬಾರದ್ದು: ಬೇಲಿ ದಾಟಬೇಡಿ. ತೊಗಟೆ, ಎಲೆ, ಹಿಡಿ ಮಣ್ಣು ಯಾವುದನ್ನೂ ಒಯ್ಯಬೇಡಿ. ಚಿಗುರಿನ ಸುತ್ತ ನೆಲ ತುಳಿದರೆ ಬೇರು ಉಸಿರಾಡಲಾರದು.

ಹೊಲ, ದನ, ಕುರಿ

ಮಾಡಬೇಕಾದ್ದು: ಈ ದಾರಿ ರೈತರ ಹುಲ್ಲುಗಾವಲುಗಳ ಮೂಲಕವೇ ಹೋಗುತ್ತದೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ತಡಮೆ ಇರುವಲ್ಲಿ ತಡಮೆಯಲ್ಲೇ ದಾಟಿ, ಒಬ್ಬೊಬ್ಬರಾಗಿ. ನಾಯಿ ಇದ್ದರೆ ಹಗ್ಗದಲ್ಲಿರಲಿ. ದನ ನುಗ್ಗಿ ಬಂದರೆ ಮಾತ್ರ ಹಗ್ಗ ಬಿಟ್ಟು ನೀವು ಪಾರಾಗಿ.

ಮಾಡಬಾರದ್ದು: ಊರಿನಲ್ಲಿ ಹಸುವಿನ ಮೈದಡವಿ ಕೈಮುಗಿಯುವ ಅಭ್ಯಾಸ ಇಲ್ಲಿ ಬೇಡ. ಇವು ಮನುಷ್ಯರ ಕೈಯಲ್ಲಿ ಬೆಳೆದ ದನಗಳಲ್ಲ. ಕರುವಿಗೂ ತಾಯಿಗೂ ನಡುವೆ ಎಂದೂ ಹೋಗಬೇಡಿ. ವಸಂತದಲ್ಲಿ ಕುರಿಮರಿಗಳನ್ನು ಎತ್ತಿಕೊಳ್ಳಬೇಡಿ, ಅಟ್ಟಬೇಡಿ. ಹೊಲದ ಕಲ್ಲುಬೇಲಿ ಹತ್ತಬೇಡಿ. ಅದರಲ್ಲಿಯೂ ರೋಮನ್ ಕಲ್ಲುಗಳಿರಬಹುದು.

ಗೈಡ್ ಜತೆ

ಮಾಡಬೇಕಾದ್ದು

1. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಇರಿ. ಹಿಂದಿರುಗಲು ಎಡಿ122 ಬಸ್ ನೆಚ್ಚಿಕೊಂಡಿದ್ದರೆ ವೇಳಾಪಟ್ಟಿ ಹಿಂದಿನ ದಿನವೇ ನೋಡಿಕೊಳ್ಳಿ. ಋತುವಿಗೆ ತಕ್ಕಂತೆ ಅದು ಬದಲಾಗುತ್ತದೆ.

2. ಅಪ್ಪ ಅಮ್ಮನಿಗೆ ಇಂಗ್ಲಿಷ್ ತಿಳಿಯದಿದ್ದರೆ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇವೆ ಎಂದು ಬೆಳಿಗ್ಗೆಯೇ ತಿಳಿಸಿ. ಹಿರಿಯರ ಪ್ರಶ್ನೆಗಳನ್ನೂ ಇಂಗ್ಲಿಷಿನಲ್ಲಿ ಕೇಳಿ ಉತ್ತರ ತಿಳಿಸಿ. ಅವರನ್ನು ಬರೀ ಹಿಂದೆ ನಡೆಸಿಕೊಂಡು ಹೋಗುವುದು ತಪ್ಪು.

3. ಅಲ್ಲಿ ಗೈಡ್‌ಗಳನ್ನು ಹೆಸರು ಹಿಡಿದು ಕರೆಯುವುದು ರೂಢಿ. ಮರ್ಯಾದೆ ಅದರಿಂದ ಕಡಿಮೆಯಾಗಬಾರದು.

ಮಾಡಬಾರದ್ದು

1. ಗೈಡ್ ‘ವಾಪಸು ಹೋಗೋಣ’ ಎಂದಾಗ ವಾದಿಸಬೇಡಿ. ಮಂಜು ಕವಿದರೆ ಅಂಚು ಕಾಣುವುದಿಲ್ಲ, ಒದ್ದೆ ಬಂಡೆ ಜಾರುತ್ತದೆ. ‘ದುಡ್ಡು ಕೊಟ್ಟಿದ್ದೇವೆ’ ಎಂಬ ಮಾತು ಬಾಯಿಗೆ ಬರಲೇಬಾರದು.

2. ಗೈಡ್‌ನಿಂದ ಮುಂದೆ ಓಡಬೇಡಿ, ಹೇಳದೆ ಹಿಂದುಳಿಯಬೇಡಿ. ಬಿ6318 ರಸ್ತೆಯಲ್ಲಿ ನಡೆದು ಹೋಗುತ್ತೇವೆ ಎಂದು ಕವಲೊಡೆಯಬೇಡಿ. ಅಲ್ಲಿ ವಾಹನಗಳ ವೇಗ ಹೆಚ್ಚು, ಕಾಲುದಾರಿ ಇಲ್ಲ.

3. ನಿಯಮ ಮುರಿಯಲು ಗೈಡ್‌ಗೆ ಆಸೆ ತೋರಿಸಬೇಡಿ. ಹೆಚ್ಚು ಹಣಕ್ಕೆ ಗೋಡೆ ಹತ್ತಿಸುವ ಗೈಡ್ ಸಿಕ್ಕರೆ ಅವರ ಜತೆ ಮುಂದೆ ಹೋಗಬೇಡಿ.

ಅವಘಡವಾದರೆ

ಮಾಡಬೇಕಾದ್ದು: 999ಕ್ಕೆ ಕರೆ ಮಾಡಿ, ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕೆಂದು ಹೇಳಿ. ಸಿಗ್ನಲ್ ಕ್ಷೀಣವಾಗಿದ್ದರೆ ಅದೇ ಸಂಖ್ಯೆಗೆ ಸಂದೇಶ ಕಳುಹಿಸಬಹುದು. ಅದಕ್ಕೆ ನಿಮ್ಮ ಫೋನನ್ನು ಮುಂಚೆಯೇ ನೋಂದಾಯಿಸಿರಬೇಕು. ಸೀಟಿ ಇಟ್ಟುಕೊಳ್ಳಿ: ನಿಮಿಷಕ್ಕೆ ಆರು ಸಲ ಊದುವುದು ಸಹಾಯ ಕೋರುವ ಸಂಕೇತ. ಗಾಯಗೊಂಡವರನ್ನು ಬೆಚ್ಚಗಿಡಿ.

ಮಾಡಬಾರದ್ದು: ಕಾಲು ಮುರಿದವರನ್ನು ಎತ್ತಿಕೊಂಡು ಇಳಿಯಲು ಹೋಗಬೇಡಿ. ಬಂಡೆಯಿಂದ ಜಾರಿದವರ ಹಿಂದೆ ನೀವೂ ಇಳಿಯಬೇಡಿ. ಸಣ್ಣ ಸುಸ್ತಿಗೆ, ಬಸ್ ತಪ್ಪಿದ್ದಕ್ಕೆ ಮೌಂಟನ್ ರೆಸ್ಕ್ಯೂ ಕರೆಯಬೇಡಿ. ಆ ತಂಡದಲ್ಲಿರುವವರು ತಮ್ಮ ಕೆಲಸ ಬಿಟ್ಟು ಬರುವ ಸ್ವಯಂಸೇವಕರು.

ಈ ಗೋಡೆಗೆ ಉದ್ದಕ್ಕೂ ಕಾವಲುಗಾರರಿಲ್ಲ, ಬಹುಪಾಲು ಕಡೆ ಟಿಕೆಟ್ಟೂ ಇಲ್ಲ, ಬೇಲಿಯೂ ಇಲ್ಲ. ಬಂದವರು ಮರ್ಯಾದೆಯಿಂದ ನಡೆಯುತ್ತಾರೆ ಎಂಬ ನಂಬಿಕೆಯ ಮೇಲೆ ಅದನ್ನು ತೆರೆದಿಟ್ಟಿದ್ದಾರೆ. ಆ ನಂಬಿಕೆ ಕೆಟ್ಟರೆ ದಾರಿ ಮುಚ್ಚುತ್ತಾರೆ, ನಷ್ಟ ನಮ್ಮ ಮಕ್ಕಳಿಗೆ. ಮೇಲಿನ ನಿಯಮಗಳಲ್ಲಿ ಯಾವುದಕ್ಕೂ ರಿಯಾಯಿತಿ ಇಲ್ಲ. ಪಾಲಿಸಲು ಮನಸ್ಸಿಲ್ಲದವರು ದಯವಿಟ್ಟು ಹೊರಡಬೇಡಿ.